ಸೆಟ್‌ಬ್ಯಾಕಿನ ತಿಪ್ಪೆ

ನಮ್ಮ ಮನೆಯ ಹಿಂದೆ 4 ಅಡಿ ಅಗಲ, 11 ಅಡಿ ಉದ್ದದ ಒಂದು ಜಾಗವಿದೆ. ನಾನು ಅದನ್ನು ತೋಟ ಅನ್ನುತ್ತೇನೆ, ನನ್ನ ಹೆಂಡತಿ ಸಂದಿ ಅನ್ನುತ್ತಾಳೆ. ಮನೆಯ ನಕ್ಷೆಯಲ್ಲಿ ಅದಕ್ಕೆ ಸೆಟ್‌ಬ್ಯಾಕ್ ಎಂದು ಹೆಸರು. ಗುಬ್ಬಿ ತಾಲ್ಲೂಕಿನ ಊರು ಬಿಟ್ಟು ನಮ್ಮ ಜೊತೆ ಇರಲು ಬಂದ ಅವ್ವ, ಮೊದಲ ದಿನ ಹಿಂಬಾಗಿಲು ತೆಗೆದು ನೋಡಿ, "ಇಲ್ಲಿ ಒಂದು ಕೋಳಿ ತಿರುಗಬೇಕಂದ್ರೂ ರಿವರ್ಸ್ ಹೊಡೀಬೇಕಲ್ಲಾ" ಅಂದಿದ್ದಳು.

ಆ ತೋಟದಲ್ಲಿ ಒಂದು ಕರಿಬೇವು, ಒಂದು ದಾಸವಾಳ, ಗೋಡೆಗೆ ಹಬ್ಬಿಸಿದ ಬಸಳೆ, ಮೂರು ಬದನೆ, ಮೂಲೆಯಲ್ಲಿ ಯಾರೂ ನೆಡದೆ ತಾನೇ ಬಂದ ದೊಡ್ಡಪತ್ರೆ ಇವೆ. ಇವುಗಳ ಬೇರು ಮಣ್ಣಿನಲ್ಲಿದೆ ಅಂದರೆ ಸುಳ್ಳಾದೀತು. ಮನೆ ಕಟ್ಟಿದ ಮೇಸ್ತ್ರಿ ಉಳಿದ ಜಲ್ಲಿ, ಇಟ್ಟಿಗೆ ಚೂರು, ಕಲ್ಲಾಗಿಹೋದ ಅರ್ಧ ಮೂಟೆ ಸಿಮೆಂಟು, ಒಡೆದ ಟೈಲ್ಸು ಎಲ್ಲವನ್ನೂ ಅಲ್ಲಿ ತುಂಬಿ, ಮೇಲೆ ಅರ್ಧ ಅಡಿ ಕೆಂಪು ಮಣ್ಣು ಹರಡಿ, "ಫಸ್ಟ್ ಕ್ಲಾಸ್ ಗಾರ್ಡನ್ ಆಯ್ತದೆ ಸಾರ್" ಎಂದು ಹೇಳಿ ಬಾಕಿ ದುಡ್ಡು ಇಸಿದುಕೊಂಡು ಹೋಗಿದ್ದ. ನಮ್ಮ ಬದನೆಕಾಯಿ ಗೋಲಿಯ ಗಾತ್ರ ದಾಟುತ್ತಿರಲಿಲ್ಲ. ಗಿಡಕ್ಕೆ ಗೊಬ್ಬರ ಬೇಕು ಅನ್ನುವುದು ಅದರ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅತ್ತ ಅಡುಗೆಮನೆಯಿಂದ ದಿನಕ್ಕೆ ಹತ್ತಿರ ಹತ್ತಿರ 1 ಕೆ.ಜಿ. ಸಿಪ್ಪೆ, ಸೊಪ್ಪಿನ ದಂಟು, ಚರಟ ಹೊರಡುತ್ತಿತ್ತು. ಬೆಳಿಗ್ಗೆ ಅದನ್ನು ಹಾಡು ಹಾಕಿಕೊಂಡು ಬರುವ ಆಟೋ ಟಿಪ್ಪರ್‌ಗೆ ಸುರಿಯುವುದು, ಸಂಜೆ ಥಣಿಸಂದ್ರ ಮುಖ್ಯರಸ್ತೆಯ ನರ್ಸರಿಗೆ ಹೋಗಿ ಅದೇ ಸಿಪ್ಪೆ ಕೊಳೆತು ಆದ ಪುಡಿಯನ್ನು ಚೀಲದ ಲೆಕ್ಕದಲ್ಲಿ ಕೊಂಡು ತರುವುದು. ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದವನಿಗೆ ಈ ವ್ಯವಹಾರ ನಷ್ಟದ್ದು ಅಂತ ಹೊಳೆಯಲು ನಿವೃತ್ತಿಯೇ ಆಗಬೇಕಾಯಿತು.

ಸ್ವಲ್ಪ ಪಾಪಪ್ರಜ್ಞೆಯೂ ಇತ್ತೆನ್ನಿ. 2012ರಲ್ಲಿ ಬೆಂಗಳೂರಿನ ಬೀದಿ ಮೂಲೆಗಳಲ್ಲಿ ಕಸ ಆಳೆತ್ತರ ಬೆಳೆದದ್ದು ನೆನಪಿರಬಹುದು. ಯಲಹಂಕದಾಚೆಯ ಮಾವಳ್ಳಿಪುರದವರು ವರ್ಷಗಟ್ಟಲೆ ನಮ್ಮ ಕಸದ ಲಾರಿಗಳನ್ನು ಸಹಿಸಿ ಕೊನೆಗೆ ಸಾಕು ಅಂದ ವರ್ಷ ಅದು. ಲಾರಿಗಳು ಮಂಡೂರಿನ ಕಡೆ ಮುಖ ಮಾಡಿದವು. 2014ರ ಕೊನೆಗೆ ಅಲ್ಲಿಯವರೂ ಬಾಗಿಲು ಹಾಕಿದರು. 2015ರ ಡಿಸೆಂಬರಿನಲ್ಲಿ ಹೈಕೋರ್ಟಿನ ಆದೇಶ ಬಂತು: ಎರಡು ಬುಟ್ಟಿ, ಒಂದು ಚೀಲ. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಯಾರಿಗೂ ಬೇಡದ ಕಸ, ಚೀಲಕ್ಕೆ ಒಣ ಕಸ. ನಾವು ನಿಷ್ಠೆಯಿಂದ ಬುಟ್ಟಿ ತಂದೆವು. ಆದರೆ ಹಸಿರು ಬುಟ್ಟಿ ಖಾಲಿಯಾದ ಮೇಲೆ ಅದರಲ್ಲಿದ್ದದ್ದು ಎಲ್ಲಿಗೆ ಹೋಯಿತು ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಲಿಲ್ಲ. ಊರಲ್ಲಾದರೆ ಕೇಳಬೇಕಾಗಿಯೇ ಇರಲಿಲ್ಲ. ಕಾಣಿಸುತ್ತಿತ್ತು.

ಊರಲ್ಲಿ ತಿಪ್ಪೆ ಇತ್ತು. ಗೊಬ್ಬರ ಮಾಡುವ ವಿಧಾನವನ್ನು ಅಲ್ಲಿ ಯಾರೂ ಕೂತು ಆರಿಸಿದ್ದನ್ನು ನಾನು ಕಂಡಿಲ್ಲ. ಕೊಟ್ಟಿಗೆಯ ಸಗಣಿ, ಗಂಜಲ ಕುಡಿದ ಹುಲ್ಲು, ಒಲೆಯ ಬೂದಿ, ದನ ತಿಂದು ಬಿಟ್ಟ ಜೋಳದ ದಂಟು, ಒಣಗಿದ ಮಾವಿನ ತೋರಣ, ಊಟದೆಲೆ ಎಲ್ಲ ಮಂಕರಿಯಲ್ಲಿ ಕೂತು ಅಲ್ಲಿಗೆ ಹೋಗುತ್ತಿದ್ದವು. ದೀಪಾವಳಿಯ ಪಾಡ್ಯದ ಸಂಜೆ ದೇವರಿಗೊಂದು, ಕೊಟ್ಟಿಗೆಗೊಂದು, ತಿಪ್ಪೆಗೊಂದು ದೀಪ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸಿಗೆ ತಿಪ್ಪಣ್ಣ, ತಿಪ್ಪಮ್ಮ ಎಂದು ಹೆಸರಿಟ್ಟು ಉಳಿಸಿಕೊಳ್ಳುತ್ತಿದ್ದರು. ಚಿತ್ರದುರ್ಗದ ಕಡೆ ಹೋದರೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ದಯೆಯಿಂದ ಬೀದಿಗಿಬ್ಬರು ತಿಪ್ಪೇಸ್ವಾಮಿಗಳು ಸಿಗುತ್ತಾರೆ. 1969ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ನಮ್ಮ ದೊಡ್ಡ ವಿದ್ವಾಂಸರ ಹೆಸರು ಎಚ್. ತಿಪ್ಪೇರುದ್ರಸ್ವಾಮಿ. ಪೇಟೆಯಲ್ಲಿ ಈಗ ಮನೆಮನೆಯಲ್ಲೂ ಕಾಂಪೋಸ್ಟಿನ ಮಾತು. ಆದರೂ ಯಾವ ತಾಯಿಯೂ ಮಗನಿಗೆ ಕಾಂಪೋಸ್ಟಪ್ಪ ಅಂತ ಹೆಸರಿಟ್ಟದ್ದು ನನ್ನ ಕಿವಿಗೆ ಬಿದ್ದಿಲ್ಲ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ಕೊಟ್ಟಿಗೆ ಗುಡಿಸಿ ಬಂದ ಅವ್ವನ ಮೂಗು ಬೋಳಾಗಿತ್ತು. ಅವಳ ತವರಿನವರು ಕೊಟ್ಟಿದ್ದ ಕೆಂಪು ಹರಳಿನ ಮೂಗುಬೊಟ್ಟು ಎಲ್ಲೋ ಬಿದ್ದುಹೋಗಿತ್ತು. ಕೊಟ್ಟಿಗೆ ಜಾಲಾಡಿದರು, ಸಿಗಲಿಲ್ಲ. ಹಾಗಾದರೆ ಸಗಣಿ ಜೊತೆ ತಿಪ್ಪೆಗೆ ಹೋಗಿದೆ ಅಂತ ತೀರ್ಮಾನವಾಯಿತು. ಬೇಸಿಗೆಯಲ್ಲಿ ಗೊಬ್ಬರ ಹೊಡೆಯುವಾಗ ಒಂದೊಂದು ಗಾಡಿ ತುಂಬುವಾಗಲೂ ಅವ್ವ ತಿಪ್ಪೆಯ ಅಂಚಿಗೆ ಕುಕ್ಕರಗಾಲಲ್ಲಿ ಕೂತು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಆ ವರ್ಷ ಸಿಗಲಿಲ್ಲ. ಮುಂದಿನ ವರ್ಷವೂ ಕೂತಳು. ಮೇಲಿನ ಹೊಲದಲ್ಲಿ ಆ ಸಲ ರಾಗಿ ತೂಗಾಡುವಷ್ಟು ಬಂದಾಗ ಅಪ್ಪ, "ನಿನ್ನ ಮೂಗುಬೊಟ್ಟಿನ ಪ್ರಭಾವ ನೋಡೇ" ಎಂದು ನಗಾಡಿದ್ದ. ಅವ್ವ ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಆಮೇಲೆ ಸುಗ್ಗಿ ದುಡ್ಡಲ್ಲಿ ಬಿಳಿ ಹರಳಿನದೊಂದು ಬಂತು. ಅದನ್ನೇ ಈಗಲೂ ಹಾಕಿಕೊಂಡಿದ್ದಾಳೆ. ಮೇಲಿನ ಹೊಲ ಅಪ್ಪ ಹೋದ ಮೇಲೆ ಮಾರಿಹೋಯಿತು. ಕೊಂಡವರು ಅಡಿಕೆ ಹಾಕಿದ್ದಾರೆ.

ಇರಲಿ, ವಿಧಾನಕ್ಕೆ ಬರುತ್ತೇನೆ. ಬ್ಯಾಂಕಿನ ಬುದ್ಧಿ ಎಲ್ಲಿಗೆ ಹೋದೀತು, ಒಂದು ರಿಜಿಸ್ಟರ್ ತೆರೆದೆ. ಜಾಗ, ಖರ್ಚು, ಅವಧಿ, ವಾಸನೆ ಎಂದು ಗೆರೆ ಎಳೆದು ಕೊನೆಯಲ್ಲಿ 'ಮನೆಯವರ ಒಪ್ಪಿಗೆ' ಅಂತ ಒಂದು ಅಗಲವಾದ ಕಾಲಂ ಬಿಟ್ಟೆ. ಅದರಲ್ಲಿ ಎಲ್ಲವೂ ಬಿದ್ದುಹೋದವು.

ಮೊದಲು ಬಂದದ್ದು ಮಣ್ಣಿನ ಮಡಕೆ. ಬೆಂಗಳೂರಿನಲ್ಲೇ 2006ರಲ್ಲಿ ಶುರುವಾದ ಡೈಲಿ ಡಂಪ್‌ನವರು ಮನೆಮಾತು ಮಾಡಿದ ಮೂರಂತಸ್ತಿನ ಮಡಕೆ ಅದು. ಮೇಲಿನದು ತುಂಬಿದರೆ ನಡುವಿಗೆ ಇಳಿಸುವುದು, ನಡುವಿನದನ್ನು ಮೇಲೇರಿಸುವುದು, ಕೊನೆಗೆ ತಳದ್ದರಲ್ಲಿ ಪಾಕ ಬರುವವರೆಗೆ ಕಾಯುವುದು. ನೋಡಲೂ ಲಕ್ಷಣವಾಗಿತ್ತು. ಚಿತ್ರ ತೋರಿಸಿದೆ. ಅವ್ವ, "ಯಾರ್ ಮದ್ವೆ?" ಅಂದಳು. ಹೆಂಡತಿ ಮಾತ್ರ ತಾಂತ್ರಿಕವಾಗಿ ಯೋಚಿಸಿದಳು. ಪಕ್ಕದ ಖಾಲಿ ಸೈಟಿನಲ್ಲಿ ಬೀದಿಯ ಹುಡುಗರೆಲ್ಲ ಕ್ರಿಕೆಟ್ ಆಡುತ್ತಾರೆ, ನಮ್ಮ ಹಿತ್ತಲು ಅವರಿಗೆ ಲಾಂಗ್ ಆನ್. "ಗುರುವಾರದೊಳಗೆ ಮೂರೂ ಔಟ್" ಎಂದಳು.

ಹೊರದೇಶದಲ್ಲಿರುವ ಮಗ ಫೋನಿನಲ್ಲಿ ಬೊಕಾಶಿ ಅಂದ. ಜಪಾನಿನ ಓಕಿನಾವಾದ ತೆರುವೊ ಹಿಗಾ ಎಂಬ ಪ್ರೊಫೆಸರು ಹೆಸರಿಗೆ ತಂದ ಸೂಕ್ಷ್ಮಾಣುಗಳನ್ನು ತೌಡಿಗೆ ಬೆರೆಸಿ, ಕಸದ ಮೇಲೆ ಉದುರಿಸಿ, ಗಾಳಿಯಾಡದ ಹಾಗೆ ಬಿಗಿಯಾಗಿ ಒತ್ತಿ ಮುಚ್ಚಿಡುವುದು; ಅಡಿಯ ನಲ್ಲಿಯಿಂದ ರಸ ಬಸಿಯುವುದು; ಎರಡು ವಾರವಾದ ಮೇಲೆ ಮಣ್ಣಿಗೆ ಹಾಕಿ ಹೂಳುವುದು. ವಿವರಿಸಿದಾಗ ಅವ್ವನಿಗೆ ಕೂಡಲೇ ಅರ್ಥವಾಯಿತು. "ಉಪ್ಪಿನಕಾಯಿ ಹಾಕೋದು ಅನ್ನು." ಹೆಂಡತಿಗೂ ಅರ್ಥವಾಯಿತು. "ಮನೆಯವರಿಗೆ ಮಿಡಿ ಹಾಕಿ ಮೂರು ವರ್ಷ ಆಯ್ತು, ಕಸಕ್ಕೆ ಹಾಕ್ತೀರಾ? ಹಾಕಿ ರೀ, ಹಾಕಿ." ಆ ಕಾಲಂನಲ್ಲಿ ಏನು ಬರೆಯಬೇಕೆಂದು ತೋಚದೆ ಪುಟ ತಿರುವಿದೆ.

ಕೊನೆಗೆ ಯಾರನ್ನೂ ಕೇಳದೆ 20 ಲೀಟರಿನ ಪೇಂಟ್ ಬಕೆಟ್ಟಿಗೆ ಕಾಯಿಸಿದ ಕಂಬಿಯಿಂದ ತೂತು ಹೊಡೆದು, ತಳಕ್ಕೆ ತೆಂಗಿನ ನಾರಿನ ಪುಡಿ ಹಾಕಿ, ಹುಳಿ ಮಜ್ಜಿಗೆ ಹೆಪ್ಪು ಕೊಟ್ಟು ಶುರು ಮಾಡಿದೆ. ಮೊದಲ ಹತ್ತು ದಿನ ಎಲ್ಲ ಸರಿಯಿತ್ತು. ಹನ್ನೊಂದನೆಯ ದಿನ ಮನೆಯಲ್ಲಿ ಶ್ರಾವಣದ ಪೂಜೆ. ಮಿಕ್ಕ ಹುಳಿ, ಕೋಸಂಬರಿ, ಪಾಯಸದ ತಳ ಎಲ್ಲ ಭಕ್ತಿಯಿಂದ ಬಕೆಟ್ಟಿಗೆ ಸುರಿದೆ. ಮಳೆ ಹಿಡಿದಿತ್ತು. ಮುಚ್ಚಳ ಬಿಗಿದೆ. ಹದಿನೈದನೆಯ ದಿನ ಮುಚ್ಚಳ ತೆಗೆದವನು ಹಾಗೇ ಮುಚ್ಚಿದೆ. ಒಳಗೆ ಅಕ್ಕಿಗಿಂತ ದಪ್ಪನೆಯ, ಬೂದು ಬಣ್ಣದ ಹುಳುಗಳು ಜಾತ್ರೆ ನೆರೆದಿದ್ದವು. ಅವು ಬ್ಲ್ಯಾಕ್ ಸೋಲ್ಜರ್ ಅನ್ನುವ ನೊಣದ ಮರಿಗಳಂತೆ, ಯಾರಿಗೂ ಕೆಡುಕು ಮಾಡುವುದಿಲ್ಲವಂತೆ, ಕಸವನ್ನು ನಮಗಿಂತ ವೇಗವಾಗಿ ತಿಂದು ಮುಗಿಸುತ್ತವಂತೆ. ಇದನ್ನೆಲ್ಲ ನಾನು ಆಮೇಲೆ ಓದಿಕೊಂಡೆ. ಓದುವ ಹೊತ್ತಿಗೆ ವಾಸನೆ ಗೋಡೆ ಹಾರಿತ್ತು.

ನಾಲ್ಕು ದಿನ ಇಡೀ ಬೀದಿ ಹಿಂದಿನ ಮೋರಿಯನ್ನು ಬೈಯಿತು. ಎದುರು ಮನೆಯವರು ವಾಟ್ಸಾಪ್ ಗುಂಪಿನಲ್ಲಿ ಮೋರಿಯ ಫೋಟೋ ಹಾಕಿದರು. ಯಾರೋ ದೂರು ಕೊಟ್ಟು, ಇಬ್ಬರು ಬಂದು ಕೋಲು ಹಾಕಿ ಮೋರಿ ಕೆದಕಿ, "ಇದರಲ್ಲೇನೂ ಇಲ್ಲವಲ್ಲ ಸಾರ್" ಅಂದರು. ಅವರ ಪಕ್ಕದಲ್ಲೇ ನಿಂತಿದ್ದ ನಾನು, "ಗಾಳಿ ಆ ಕಡೆಯಿಂದ ಬೀಸಿದಾಗ ಜಾಸ್ತಿ" ಎಂದು ನಾಗವಾರದ ಕಡೆ ಕೈ ತೋರಿಸಿದೆ. ತಿಪ್ಪೆ ಸಾರಿಸುವುದು ಅನ್ನುವ ಮಾತಿನ ಪೂರ್ತಿ ಅರ್ಥ ಆವತ್ತು ಅನುಭವಕ್ಕೆ ಬಂತು. ಮೋರಿಗೆ ಬ್ಲೀಚಿಂಗ್ ಪೌಡರ್ ಬಿತ್ತು. ಅದೇ ರಾತ್ರಿ ಹನ್ನೊಂದರ ಮೇಲೆ ಟಾರ್ಚು ಹಿಡಿದು ಬಕೆಟ್ಟನ್ನು ಟೆರೇಸಿಗೆ ಹೊತ್ತುಕೊಂಡು ಹೋದೆ.

ತಪ್ಪು ಏನಾಗಿತ್ತು ಅಂದರೆ, ಒಣಗಿದ್ದು ಸಾಲದೇ ಹೋಗಿತ್ತು. ಕಸ ಕಳಿಯಲು 30 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಇರಬೇಕಂತೆ. ಸಿಪ್ಪೆ, ಸೊಪ್ಪಿನಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಒಂದೇ ಕಡೆ ಜಮೆಯಾಗಿ ಇನ್ನೊಂದು ಕಡೆ ಖಾತೆಯೇ ತೆರೆಯದಿದ್ದರೆ ಲೆಕ್ಕ ಕೊಳೆಯುತ್ತದೆ ಅನ್ನುವುದು ನನಗೆ ಗೊತ್ತಿರಬೇಕಿತ್ತು. ಆದರೆ ಥಣಿಸಂದ್ರದಲ್ಲಿ ಒಣ ಎಲೆ ಎಲ್ಲಿಂದ ತರುವುದು? ಬೆಂಗಳೂರಿನ ಸುತ್ತ ಸಂದ್ರ ಎಂದು ಮುಗಿಯುವ ಊರುಗಳಲ್ಲಿ ಆ ಸಂದ್ರ ಸಮುದ್ರ, ಸಮುದ್ರ ಅಂದರೆ ಕೆರೆ ಎಂದು ತಿಳಿದವರು ಹೇಳುತ್ತಾರೆ. ಥಣಿ ಎಂದರೆ ತಂಪೇ ಇರಬೇಕು ಅನ್ನುವುದು ನನ್ನ ಸ್ವಂತ ಆಸೆ. ನಾನು ಸೈಟು ನೋಡಲು ಬಂದಾಗ ಈ ಬಡಾವಣೆಯ ಅಂಚಿಗೆ ರಾಗಿ ಹೊಲವಿತ್ತು. 2007ರಲ್ಲಿ ಬೃಹತ್ ಬೆಂಗಳೂರು ಆದ ಮೇಲೆ ಹೊಲ ಸೈಟಾಯಿತು, ಸೈಟು ನಾಲ್ಕಂತಸ್ತಾಯಿತು. ಸೆಟ್‌ಬ್ಯಾಕಿನಲ್ಲಿ ಮರ ನೆಟ್ಟರೆ ಅದು ಪಕ್ಕದ ಮನೆಯ ಬಾಲ್ಕನಿಗೆ ಹೋಗಿ ಕೂರುತ್ತದೆ.

ಹಾಗಾಗಿ ಎಲೆ ಕದಿಯಲು ರಾಚೇನಹಳ್ಳಿ ಕೆರೆಯ ಕಡೆ ಹೋಗತೊಡಗಿದೆ. ವಾಕಿಂಗ್ ಎಂದು ಹೇಳಿ ಹೊರಡುವುದು, ಜೇಬಿನಲ್ಲಿ ಮಡಿಸಿಟ್ಟ ಅಕ್ಕಿ ಚೀಲ. ದಾರಿಯಲ್ಲಿ ಹೊಂಗೆ ಮರಗಳ ಕೆಳಗೆ ಗುಡಿಸಿಟ್ಟ ಎಲೆ ರಾಶಿ ಕಂಡರೆ ಅತ್ತ ಇತ್ತ ನೋಡಿ ತುಂಬಿಕೊಳ್ಳುವುದು. ಮೂರನೆಯ ದಿನ ಸಿಕ್ಕಿಬಿದ್ದೆ. ಪೊರಕೆ ಹಿಡಿದ ಪೌರಕಾರ್ಮಿಕ ಹೆಂಗಸು ಸೊಂಟದ ಮೇಲೆ ಕೈ ಇಟ್ಟು, "ಏನ್ ಸಾರ್, ರಿಟೈರ್ ಆದ್ಮೇಲೆ ನಮ್ ಕೆಲ್ಸಕ್ಕೂ ಬಂದ್ರಾ?" ಅಂದಳು. ನಾಚಿಕೆಯಿಂದ ವಿಷಯ ಹೇಳಿದೆ. ಅವಳು ಚೀಲದೊಳಗೆ ಕೈ ಹಾಕಿ ನೋಡಿ, "ಇದ್ರಾಗೆ ಗುಟ್ಕಾ ಪಾಕೀಟೆಲ್ಲ ಸೇರ್ಕೊಂಡೈತೆ, ನಿಲ್ಲಿ" ಎಂದು ಮರದ ಬುಡದಿಂದ ಚೊಕ್ಕ ಎಲೆಯನ್ನೇ ಎರಡು ಬಾಚು ಹಾಕಿಕೊಟ್ಟಳು. ಅವತ್ತಿನಿಂದ ನನಗೋಸ್ಕರ ಒಂದು ರಾಶಿ ಬೇರೆಯೇ ಇರುತ್ತದೆ. ಯುಗಾದಿಗೆ ಹೋಳಿಗೆ ಕೊಟ್ಟು ಬಂದೆ.

ನವೆಂಬರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳಕ್ಕೆ ಹೋದವನು ಎರೆಹುಳು ತಂದೆ. ಎರೆಹುಳುವನ್ನು ಸಾವಯವ ಕೃಷಿಯ ಸಿಂಡ್ರೆಲಾ ಎಂದು ಕರೆದು ಪುಸ್ತಕ ಬರೆದ ಡಾ. ರಾಧಾ ಕಾಳೆ ಇದೇ ಕೃಷಿ ವಿಶ್ವವಿದ್ಯಾಲಯದವರು. ನಮ್ಮ ಹೊಲದ ಹುಳು ಆಳಕ್ಕೆ ಇಳಿದುಬಿಡುತ್ತದೆ. ಗೊಬ್ಬರಕ್ಕೆ ಮೇಲುಮೇಲಿನದನ್ನೇ ತಿನ್ನುವ ಜಾತಿ ಬೇಕು ಎಂದು ಮಳಿಗೆಯ ಹುಡುಗ ವಿವರಿಸಿ, ಆಫ್ರಿಕಾ ಮೂಲದ ಹುಳುಗಳನ್ನು ಒದ್ದೆ ಗೋಣಿಚೀಲದಲ್ಲಿ ಕಟ್ಟಿಕೊಟ್ಟ. ಹೆಬ್ಬಾಳದಲ್ಲಿ ಇಳಿದು ಬಸ್ ಬದಲಾಯಿಸಿ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಚೀಲ ಮೆಲ್ಲಗೆ ಮಿಸುಕುತ್ತಿತ್ತು. ಕಂಡಕ್ಟರ್ ನೋಡಿದ. "ಏನ್ ಸಾರ್ ಅದು, ಕೋಳಿನಾ? ಕೋಳಿಗೆ ಟಿಕೆಟ್ಟು."

"ಕೋಳಿಯಲ್ಲ."

"ಮತ್ತೆ?"

"ಹುಳ."

ಪಕ್ಕದ ಸೀಟಿನವರು ಎದ್ದು ಹೋದರು. ಕಂಡಕ್ಟರ್ ಸ್ವಲ್ಪ ಹೊತ್ತು ಯೋಚಿಸಿ, "ಎಷ್ಟಿವೆ?" ಎಂದು ಕೇಳಿದ. ಒಂದು ಕೆ.ಜಿ. ಅಂದೆ. ತಲೆಗಿಷ್ಟು ಎಂದು ಹಾಕಿದರೆ ಟಿಕೆಟ್ ಪುಸ್ತಕವೇ ಮುಗಿಯುತ್ತದೆ ಅನ್ನಿಸಿರಬೇಕು, ಮುಂದೆ ಹೋದ.

ಹುಳುಗಳು ನಾಲ್ಕು ತಿಂಗಳು ನಮ್ಮ ಮನೆಯಲ್ಲಿದ್ದವು. ಈರುಳ್ಳಿ, ನಿಂಬೆ, ಉಪ್ಪು, ಖಾರ ಅವಕ್ಕೆ ಆಗದು, ಮಠದ ಊಟ. ನೆರಳು ಬೇಕು, ತೇವ ಬೇಕು, ಇರುವೆ ಬರಬಾರದು. ಟಬ್ಬಿನ ಕಾಲಿಗೆಲ್ಲ ನೀರಿನ ಬಟ್ಟಲು ಇಟ್ಟೆ. "ನನಗೆ ಜ್ವರ ಬಂದಾಗ ಇಷ್ಟು ಮಾಡಿರಲಿಲ್ಲ" ಎಂದು ಹೆಂಡತಿ ದಾಖಲಿಸಿದಳು. ಮಾರ್ಚ್ ತಿಂಗಳಲ್ಲಿ ಕ್ರಿಕೆಟ್ ಸೈಟಿನವರು ಮನೆ ಕಟ್ಟಲು ಹೊರಟು ಬೋರ್‌ವೆಲ್ ಲಾರಿ ತರಿಸಿದರು. ಹಗಲು ರಾತ್ರಿ ಕೊರೆದರು. ಗೋಡೆ, ಪಾತ್ರೆ, ಹಲ್ಲು ಎಲ್ಲ ನಡುಗಿದವು. ಎರಡನೆಯ ರಾತ್ರಿ ಎರೆಹುಳುಗಳು ವಲಸೆ ಹೊರಟವು. ಬೆಳಗಿನ ಜಾವ ಬಚ್ಚಲಿಗೆ ಹೋದ ಹೆಂಡತಿಯ ಕೂಗಿಗೆ ಕೊರೆಯುವ ಲಾರಿಯೂ ಒಂದು ಕ್ಷಣ ನಿಂತಂತೆ ಆಯಿತು. ಹಿತ್ತಲ ಮೆಟ್ಟಿಲು, ಬಚ್ಚಲು, ತುಳಸಿ ಕಟ್ಟೆ, ನನ್ನ ಎಡಗಾಲಿನ ಚಪ್ಪಲಿ, ಎಲ್ಲೆಲ್ಲೂ ಅವೇ.

ಚಾರ್ಲ್ಸ್ ಡಾರ್ವಿನ್ ತನ್ನ ಕೊನೆಯ ಪುಸ್ತಕ ಬರೆದದ್ದು ಎರೆಹುಳುವಿನ ಮೇಲೆ, 1881ರಲ್ಲಿ. ಅವುಗಳಿಗೆ ಕಿವಿ ಇದೆಯೇ ಎಂದು ತಿಳಿಯಲು ಮನೆಯಲ್ಲಿ ಬಸೂನ್ ಊದಿಸಿದ, ಪಿಯಾನೋ ನುಡಿಸಿದರು, ಅವು ಕ್ಯಾರೇ ಅನ್ನಲಿಲ್ಲ. ಹುಳುಗಳಿದ್ದ ಕುಂಡವನ್ನೇ ಪಿಯಾನೋ ಮೇಲಿಟ್ಟು ಒಂದು ಸ್ವರ ಬಾರಿಸಿದಾಗ ಮಾತ್ರ ಸರಕ್ಕನೆ ಬಿಲದೊಳಗೆ ಹೋದವು. ಕಿವಿಯಿಲ್ಲ, ಅದುರಿದರೆ ಗೊತ್ತಾಗುತ್ತದೆ. ಡಾರ್ವಿನ್ನನ ಹುಳುಗಳು ಪಿಯಾನೋಕ್ಕೆ ಒಳಗೆ ಹೋದವು, ನಮ್ಮವು ಬೋರ್‌ವೆಲ್ಲಿಗೆ ಹೊರಗೆ ಬಂದವು ಎಂದು ಅವ್ವನಿಗೆ ವಿವರಿಸಿದೆ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. "ಎರೆಹುಳ ಎದ್ರೆ ಮಳೆ ಬತ್ತದೆ. ಬಟ್ಟೆ ತಗಿ ಒಳಕ್ಕೆ." ಹೊರಗೆ ಬಿಸಿಲು ಹಪ್ಪಳ ಸುಡುವಂತಿತ್ತು. ಸಂಜೆ ಐದಕ್ಕೆ ಆಲಿಕಲ್ಲು ಸಮೇತ ಮಳೆ ಬಂತು. ಅವ್ವ ಏನೂ ಅನ್ನಲಿಲ್ಲ. ಏನೂ ಅನ್ನದೆ ಇರುವುದರಲ್ಲಿ ಅವಳಿಗೊಂದು ಶೈಲಿಯಿದೆ.

ಹೀಗೆ ರಿಜಿಸ್ಟರಿನ ಏಳನೆಯ ಪುಟದಲ್ಲಿರುವಾಗ ನನಗೆ ಸಿಕ್ಕಿದ್ದು 'ಬೆಂಗಳೂರು ವಿಧಾನ'. ಜಗತ್ತಿನ ಕೃಷಿ ಪಠ್ಯಗಳಲ್ಲಿ ನಮ್ಮೂರಿನ ಹೆಸರಿನಲ್ಲಿ ಒಂದು ಗೊಬ್ಬರದ ವಿಧಾನ ಇದೆ ಅನ್ನುವುದು ಅಷ್ಟು ವರ್ಷ ಇಲ್ಲಿದ್ದ ನನಗೆ ಗೊತ್ತೇ ಇರಲಿಲ್ಲ. ಹೆಬ್ಬಾಳ ದಾಟಿ ಯಶವಂತಪುರದ ಕಡೆ ಹೋದರೆ ಸಿಗುವ ಟಾಟಾ ಇನ್‌ಸ್ಟಿಟ್ಯೂಟ್ ಎಂಬ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1939ರಲ್ಲಿ ಸಿ.ಎನ್. ಆಚಾರ್ಯ ರೂಪಿಸಿದ್ದು. ಅದಕ್ಕೂ ಮೊದಲು ಆಲ್ಬರ್ಟ್ ಹೋವರ್ಡ್ ಎಂಬ ಇಂಗ್ಲಿಷಿನವನು ಇಂದೋರಿನಲ್ಲಿ ರೂಢಿಗೆ ತಂದ ಇಂದೋರ್ ವಿಧಾನ ಇತ್ತು. ಅದರಲ್ಲಿ ಪದರ ಪದರವಾಗಿ ಹಾಕಿದ ಕಸವನ್ನು ಆಗಾಗ ಮಗುಚಿ ಹಾಕಬೇಕು, ನೀರು ಚಿಮುಕಿಸಬೇಕು. ಮೂರು ನಾಲ್ಕು ತಿಂಗಳಿಗೆ ಗೊಬ್ಬರ. ಆಚಾರ್ಯರದು ಬೇರೆ ದಾರಿ. ಗುಂಡಿ ತೋಡು, ಕಸ ಒಂದು ಪದರ, ಮಲ ಅಥವಾ ಸಗಣಿ ಒಂದು ಪದರ, ಗುಂಡಿಯ ಬಾಯಿಂದ ಮೇಲಕ್ಕೆ ಗುಮ್ಮಟದ ಹಾಗೆ ಏರಿಸು, ಮಣ್ಣು ಮೆತ್ತಿ ಮುಚ್ಚು. ಆರೆಂಟು ತಿಂಗಳು ಆ ಕಡೆ ತಲೆ ಹಾಕಬೇಡ. ಮಗುಚುವ ಕೂಲಿ ಇಲ್ಲ, ನೀರು ಹಾಕುವ ತಾಪತ್ರಯ ಇಲ್ಲ. ಗುಂಡಿ ತೆಗೆದು, ಮಣ್ಣು ಮುಚ್ಚಿ, ಮರೆತುಬಿಡುವುದು! ಇದಕ್ಕೆ ಬೆಂಗಳೂರಿನ ಹೆಸರು ಇಟ್ಟವರು ನಮ್ಮ ರಸ್ತೆಗಳನ್ನು ಮುಂಗಂಡಿದ್ದರೋ ಏನೋ.

ಊರಿನ ಕಸವನ್ನೂ ಮಲವನ್ನೂ ಸೇರಿಸಿ ಹೊಲಕ್ಕೆ ಕಳಿಸುವುದು ಆಗಿನ ಪುರಸಭೆಗಳಿಗೆ ಒಳ್ಳೆಯ ಉಪಾಯವೇ. ಆದರೆ ಆ ಗುಂಡಿಯವರೆಗೆ ಮಲ ತಾನಾಗಿ ನಡೆದು ಹೋಗುತ್ತಿರಲಿಲ್ಲ, ಯಾರದೋ ತಲೆಯ ಮೇಲೆ ಹೋಗುತ್ತಿತ್ತು. ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಲು ಎಪ್ಪತ್ತರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ಬರಬೇಕಾಯಿತು. ವಿಧಾನಗಳ ಪುಸ್ತಕದಲ್ಲಿ ಪದರ ಎಷ್ಟು ಇಂಚು ಎಂದಿರುತ್ತದೆ, ಹೊತ್ತವರ ಲೆಕ್ಕಕ್ಕೆ ಕಾಲಂ ಇರುವುದಿಲ್ಲ. ನನ್ನ ರಿಜಿಸ್ಟರಿನಲ್ಲೂ ಇರಲಿಲ್ಲ.

ನಮಗೆ ಸಗಣಿ ಸಾಕು. ಬಡಾವಣೆಯ ಕೊನೆಯ ಖಾಲಿ ಸೈಟಿನಲ್ಲಿ ಇಬ್ಬರು ಸಹವಾಸಿಗಳೊಂದಿಗೆ ಒಬ್ಬಳು ಅಜ್ಜಿ ಇರುತ್ತಾಳೆ. ಸಹವಾಸಿಗಳು ಅಂದರೆ ಎರಡು ಹಸು. ಹಳೇ ಥಣಿಸಂದ್ರದವಳು, ಈ ಬಡಾವಣೆಯ ಯಾವುದೋ ಕ್ರಾಸು ಅವಳ ಹೊಲವಾಗಿತ್ತಂತೆ. ಬಕೆಟ್ ಹಿಡಿದು ಹೋಗಿ ಬೆಂಗಳೂರು ವಿಧಾನದ ಬಗ್ಗೆ ಹೇಳಿದೆ. ಸಮಾಧಾನವಾಗಿ ಕೇಳಿಸಿಕೊಂಡು, "ತಿಪ್ಪೆಗುಂಡಿ ಅನ್ನಿ ಸಾಮಿ. ಅದಕ್ಯಾಕೆ ಇಷ್ಟುದ್ದ ಹೆಸರು" ಅಂದಳು. ದುಡ್ಡು ಕೊಡಲು ಹೋದರೆ ಬೇಡವೆಂದು, "ಬಾಳೆಹಣ್ಣಿನ ಸಿಪ್ಪೆ ಗುಂಡಿಗೆ ಯಾಕ್ ಹಾಕ್ತೀರಿ, ಇಲ್ಲಿ ತನ್ನಿ, ನಮ್ ಗೌರಿ ತಿಂತಾಳೆ" ಎಂದಳು. ಅಲ್ಲಿಗೆ ನನ್ನ ಸಾರಜನಕದಲ್ಲಿ ಕಾಲು ಭಾಗ ಗೌರಿಗೆ ಸಂದಾಯವಾಗತೊಡಗಿತು.

ಗೌರಿ ಗಣೇಶ ಮುಗಿದ ವಾರ ಗುಂಡಿ ತೆಗೆದೆ. ಉದ್ದ, ಅಗಲ, ಆಳ ಎಲ್ಲ 2 ಅಡಿ. ಪುಸ್ತಕದ ಗುಂಡಿಗೆ ಹೋಲಿಸಿದರೆ ಅದರ ಮೊಮ್ಮಗು. ಅವ್ವ ಹಿಂಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು ಮೇಲ್ವಿಚಾರಣೆ ನಡೆಸಿದಳು. ಹಾರೆ ಹಾಕಿದರೆ ಠಣ್ ಅನ್ನುತ್ತಿತ್ತು. ಟೈಲ್ಸ್ ಬಂತು, ಜಲ್ಲಿ ಬಂತು, ಒಂದು ಮಗುವಿನ ಪ್ಲಾಸ್ಟಿಕ್ ಚಪ್ಪಲಿ ಬಂತು. ಒಂದೂವರೆ ಅಡಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಎಲೆಯಂಥದ್ದು ಸಿಕ್ಕಿತು. ತೊಳೆದರೆ ಗಾರೆ ಕರಣೆ. ಮನೆ ಕಟ್ಟುವಾಗ ಮೇಸ್ತ್ರಿ ತನ್ನ ಕರಣೆ ಕಾಣೆಯಾಯಿತೆಂದು ಕೂಲಿ ಹುಡುಗನ ಮೇಲೆ ಹರಿಹಾಯ್ದದ್ದು, ಆ ಹುಡುಗ ಮಾರನೆಯ ದಿನದಿಂದ ಬರದೇ ಹೋದದ್ದು ನೆನಪಾಯಿತು. ಅವ್ವ ಕರಣೆಯನ್ನು ಕೈಗೆ ಇಸಿದುಕೊಂಡು ತಿರುಗಿಸಿ ನೋಡಿದಳು.

"ಅವನ್ದು ಸಿಕ್ತು" ಅಂದಳು.

ಅಲ್ಲಿಂದ ಮುಂದಕ್ಕೆ ನನ್ನ ರಿಜಿಸ್ಟರು ಯಾರಿಗೂ ಬೇಕಾಗಲಿಲ್ಲ. ನಾಲ್ಕು ಬೆರಳು ಸಿಪ್ಪೆ, ಅದರ ಮೇಲೆ ಹಿಡಿ ಎಲೆ, ಅದರ ಮೇಲೆ ಸಗಣಿ ಬಗ್ಗಡ, ಮೇಲೆ ಮಣ್ಣು. ಎಲೆ ಕಡಿಮೆಯಾದರೆ ಅವ್ವ ವಾಸನೆ ಹಿಡಿದೇ ಹೇಳುತ್ತಿದ್ದಳು. 30ಕ್ಕೆ 1ರ ಲೆಕ್ಕ ಅವಳ ಮೂಗಿನಲ್ಲಿತ್ತು. ತುಂಬುವವರೆಗೆ ಬಾಯಿಗೆ ಒಂದು ಕಡಪಾ ಕಲ್ಲು ಎಳೆದಿಡುತ್ತಿದ್ದೆವು. ಬೀದಿಯವರಿಗೆ ಯಾವ ವಾಸನೆಯೂ ಬರಲಿಲ್ಲ. ಮೋರಿಯ ಮಾನ ಉಳಿಯಿತು. ದೀಪಾವಳಿಗೆ ಸರಿಯಾಗಿ ಗುಂಡಿ ತುಂಬಿತು. ಪಾಡ್ಯದ ಬೆಳಿಗ್ಗೆ ಮಣ್ಣು ಕಲಸಿ ಗುಮ್ಮಟ ಮೆತ್ತಿದೆ. ಸಂಜೆ ನೋಡಿದರೆ ಅದರ ನೆತ್ತಿಯ ಮೇಲೆ ಒಂದು ಹಣತೆ, ಪಕ್ಕದಲ್ಲಿ ಎರಡು ಚೆಂಡುಹೂವು. ಹೆಂಡತಿ ಅದರ ಫೋಟೋ ತೆಗೆದು ಮಗನಿಗೆ ಕಳಿಸಿದಳು. "ಯಾರು ಹೋದದ್ದು?" ಎಂದು ಅವನು ಗಾಬರಿಯಿಂದ ಫೋನ್ ಮಾಡಿದ.

ಏಳು ತಿಂಗಳು ಕಾದೆವು. ನಡುವೆ ಕೆದಕಿ ನೋಡಲು ನನ್ನ ಕೈ ಕಡಿಯುತ್ತಿತ್ತು, ಅವ್ವ ಬಿಡಲಿಲ್ಲ. ಮುಂಗಾರಿಗೆ ಮೊದಲು ಒಂದು ಭಾನುವಾರ ಗುಮ್ಮಟ ಒಡೆದೆ. ಒಳಗೆ ಎಲ್ಲ ಕುಸಿದು ಅರ್ಧಕ್ಕಿಂತ ಕೆಳಗೆ ಕೂತಿತ್ತು. ಕಪ್ಪಗೆ, ಹುರಿದ ರಾಗಿ ಹಿಟ್ಟಿನಂತೆ ಉದುರು ಉದುರು. ಮೊದಲ ಮಳೆಯ ವಾಸನೆ. ತೋತಾಪುರಿ ವಾಟೆ, ತೆಂಗಿನ ಚರಟದ ಚೂರು, ಮೊಟ್ಟೆ ಚಿಪ್ಪು ಹಾಗೇ ಇದ್ದವು. ಸೇಬಿನ ಮೇಲೆ ಅಂಟಿಸುವ ಪುಟ್ಟ ಸ್ಟಿಕ್ಕರುಗಳು ಒಂದೂ ಮಾಸದೆ, ಬಣ್ಣ ಬಿಡದೆ, ಈಗತಾನೇ ಅಂಗಡಿಯಿಂದ ಬಂದವರಂತೆ ಎದ್ದು ಬಂದವು.

ಜರಡಿ ಹಿಡಿದೆ. ಮೂರನೆಯ ಬಾಣಲಿಗೆ ಕಿಣ್ ಅಂತ ಸದ್ದಾಯಿತು. ಸ್ಟೀಲ್ ಚಮಚ. ಹಿಡಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ. ಹೆಂಡತಿ ಒಳಗಿನಿಂದ ಓಡಿಬಂದಳು. ಅವಳ ಚಿಕ್ಕಮ್ಮ ಮದುವೆಗೆ ಕೊಟ್ಟ ಆರು ಚಮಚಗಳ ಸೆಟ್ಟಿನಲ್ಲಿ ಕಾಣೆಯಾಗಿದ್ದ ಒಂದು. ಸೆರಗಿನಲ್ಲಿ ಒರೆಸುತ್ತಾ, "ಅಯ್ಯೋ ರೀ, ನಾನು ಕೆಲಸದವಳ ಮೇಲೆ ಅನುಮಾನ ಪಟ್ಟಿದ್ದೆ. ಬಾಯಿ ಬಿಟ್ಟು ಹೇಳಿರಲಿಲ್ಲ, ಅಷ್ಟೇ" ಅಂದಳು. ಸ್ವಲ್ಪ ಹೊತ್ತು ಚಮಚವನ್ನೇ ನೋಡುತ್ತಾ ನಿಂತು ಒಳಗೆ ಹೋದಳು.

ಅವ್ವ ಮಣೆಯನ್ನು ಬಾಗಿಲಿಂದ ಗುಂಡಿಯ ಪಕ್ಕಕ್ಕೆ ಎಳೆದುಕೊಂಡಿದ್ದಳು. ಕುಕ್ಕರಗಾಲಲ್ಲಿ ಕೂರಲು ಈಗ ಮಂಡಿ ಬಗ್ಗುವುದಿಲ್ಲ, ಕಾಲು ಚಾಚಿ ಕೂತಿದ್ದಳು. ಜರಡಿಯ ಮೇಲೆ ಉಳಿದ ಗಟ್ಟಿ ಚೂರುಗಳನ್ನು ನಾನು ಪಕ್ಕಕ್ಕೆ ಸುರಿದಾಗಲೆಲ್ಲ ಅದನ್ನು ತನ್ನ ಕಡೆ ಬಾಚಿಕೊಂಡು, ಕಣ್ಣು ಕಿರಿದು ಮಾಡಿ, ಬೆರಳ ತುದಿಯಲ್ಲಿ ಒಂದೊಂದನ್ನೇ ಸರಿಸಿ ನೋಡುತ್ತಿದ್ದಳು. ವಾಟೆ, ಚರಟ, ಒಂದು ಕೆಂಪು ಇಟ್ಟಿಗೆ ಹರಳು. ಅದನ್ನು ಬೆಳಕಿಗೆ ಹಿಡಿದಳು, ಬಿಟ್ಟಳು.

"ಆಯ್ತು ಕಣವ್ವ, ಇಷ್ಟೇ ಇದ್ದದ್ದು" ಎಂದು ನಾನು ಏಳಲು ಹೋದೆ.

ಅವ್ವ ಖಾಲಿ ಜರಡಿಯನ್ನು ನನ್ನ ಕಡೆ ತಳ್ಳಿದಳು.

"ಇನ್ನೊಂದ್ ಸಲ ಹಿಡಿಲಾ. ಇನ್ನೂ ಬಿಸ್ಲೈತೆ."